ಪಾಲಿ, ಪುರು, ಅನೇಕ: ‘ಹಲವು’ ಎಂಬ ಪದದ ಬೆನ್ನು ಹತ್ತಿ

ಮೈಸೂರಿನ ಒಂಟಿಕೊಪ್ಪಲ್ ಎಂಬ ಹೆಸರನ್ನು ಬಿಡಿಸಿ ನೋಡಿದರೆ ಎರಡು ದೇಸಿ ಪದಗಳು ಸಿಗುತ್ತವೆ. ‘ಒಂಟಿ’ ಎಂದರೆ ಜೊತೆಯಿಲ್ಲದ್ದು, ಬಿಡಿಯಾದದ್ದು. ‘ಕೊಪ್ಪಲು’ ಎಂದರೆ ಸಣ್ಣ ಹಳ್ಳಿ. ಬಿಡಿಯಾಗಿದ್ದ ಹಳ್ಳಿಯನ್ನು ನಗರ ಎಂದೋ ತನ್ನೊಳಗೆ ಸೇರಿಸಿಕೊಂಡಿತು. ಹೆಸರು ಮಾತ್ರ ಒಂಟಿಯಾಗಿಯೇ ಉಳಿಯಿತು. ಅದೂ ಪೂರ್ತಿ ಒಂಟಿಯಲ್ಲ. ಈ ಭಾಗಕ್ಕೆ ವಾಣಿವಿಲಾಸ ಮೊಹಲ್ಲ ಎಂಬ ಮತ್ತೊಂದು ಹೆಸರಿದೆ; ಅದರಲ್ಲಿ ಸಂಸ್ಕೃತದ ಎರಡು ಪದಗಳೂ ಅರಬ್ಬೀ ಮೂಲದ ಒಂದು ಪದವೂ ಕೂಡಿವೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳನ್ನು ಹೇಳುವ ಒಂಟಿಕೊಪ್ಪಲ್ ಪಂಚಾಂಗ ಈ ಹೆಸರನ್ನು ಕನ್ನಡ ನಾಡಿನ ಮನೆಮನೆಗೂ ಮುಟ್ಟಿಸಿದೆ. ಇಲ್ಲಿಯೇ ‘ಉದಯರವಿ’ಯಲ್ಲಿ ಬಾಳಿದ ಕುವೆಂಪು ಅವರು ಮನುಷ್ಯಚೇತನಕ್ಕೆ ‘ಅನಿಕೇತನ’ ಎಂಬ ಆದರ್ಶವನ್ನು ಮುಂದಿಟ್ಟರು. ಒಂದು, ಐದು, ಮನೆಯಿಲ್ಲದ್ದು: ಹೀಗೆ ಒಂದು ಬಡಾವಣೆಯ ಸುತ್ತಲೇ ಎಣಿಕೆಯ ಮತ್ತು ಎಣಿಕೆಯನ್ನು ಮೀರುವ ಪದಗಳು ನೆರೆದಿವೆ. ಒಂದು, ಐದು ಎಂಬವು ಖಚಿತ ಸಂಖ್ಯೆಗಳು. ‘ಹಲವು’ ಎಂಬುದು ಸಂಖ್ಯೆಯಲ್ಲ. ಅದು ಎಣಿಕೆಯನ್ನು ನಿಲ್ಲಿಸಿದವನು ಆಡುವ ಮಾತು. ಎಲ್ಲಿ ನಿಲ್ಲಿಸಬೇಕು, ಏಕೆ ನಿಲ್ಲಿಸಬೇಕು ಎಂಬುದನ್ನು ಒಂದೊಂದು ಭಾಷೆಯೂ ತನ್ನದೇ ರೀತಿಯಲ್ಲಿ ನಿರ್ಧರಿಸುತ್ತದೆ.

ಇಂಗ್ಲಿಷಿನಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ನಿರ್ವಹಿಸುವುದು ಗ್ರೀಕಿನಿಂದ ಬಂದ ‘ಪಾಲಿ’ ಎಂಬ ಪೂರ್ವಪದ. ಪಾಲಿಟೆಕ್ನಿಕ್, ಪಾಲಿಕ್ಲಿನಿಕ್, ಪಾಲಿಥೀನ್, ಪಾಲಿಯೆಸ್ಟರ್ ಮುಂತಾದ ಪದಗಳು ಇಂದು ಕನ್ನಡದ್ದೇ ಎನ್ನುವಷ್ಟು ಬಳಕೆಯಲ್ಲಿವೆ. ಆದರೆ ಕನ್ನಡ ಲಿಪಿಯಲ್ಲಿ ಒಂದೇ ವೇಷ ತೊಟ್ಟು ಬರುವ ಪದಗಳೆಲ್ಲ ಒಂದೇ ಕುಲದವಲ್ಲ. ‘ಪಾಲಿಟಿಕ್ಸ್’ ಬಂದದ್ದು ನಗರ, ನಗರರಾಜ್ಯ ಎಂಬ ಅರ್ಥದ ‘ಪೊಲಿಸ್’ ಎಂಬ ಗ್ರೀಕ್ ಪದದಿಂದ. ಸರ್ಕಾರದ ನೀತಿಯೆಂಬ ಅರ್ಥದ ‘ಪಾಲಿಸಿ’ಯೂ ಅಲ್ಲಿಂದಲೇ. ಆದರೆ ಜೀವವಿಮೆಯ ‘ಪಾಲಿಸಿ’ ಬೇರೆ. ಅದು ರುಜುವಾತು ಎಂಬ ಅರ್ಥದ ಗ್ರೀಕ್ ಪದವೊಂದು ಲ್ಯಾಟಿನ್, ಇಟಾಲಿಯನ್, ಫ್ರೆಂಚ್ ಭಾಷೆಗಳನ್ನು ಹಾದು ಸವೆದು ಬಂದ ರೂಪ. ‘ಪಾಲಿಶ್’ ಲ್ಯಾಟಿನ್ ಧಾತುವಿನದು. ‘ಪೋಲಿಯೊ’ದಲ್ಲಿಯೂ ಹಲವು ಎಂಬ ಅರ್ಥವಿಲ್ಲ, ಅಲ್ಲಿರುವುದು ಬೂದುಬಣ್ಣ ಎಂಬ ಅರ್ಥದ ‘ಪೊಲಿಯೊಸ್’, ಬೆನ್ನುಹುರಿಯ ಬೂದು ಭಾಗವನ್ನು ಬಾಧಿಸುವ ರೋಗವಾದ್ದರಿಂದ ಆ ಹೆಸರು. ಇನ್ನು ನಗರ ‘ಪಾಲಿಕೆ’ ಸಂಸ್ಕೃತದ ಪಾಲಿಸು, ಕಾಪಾಡು ಎಂಬ ಧಾತುವಿನ ಸಂತಾನ. ‘ನನ್ನ ಪಾಲಿಗೆ’ ಎಂಬಲ್ಲಿರುವುದು ಕನ್ನಡದ ಪಾಲು. ಕಿವಿಯನ್ನಷ್ಟೇ ನಂಬಿ ಪದದ ಮೂಲ ಹೇಳಹೊರಟವರಿಗೆ ಈ ಒಂದು ಗುಂಪೇ ಸಾಕಷ್ಟು ಎಚ್ಚರಿಕೆ.

ನಿಜವಾದ ‘ಪಾಲಿ’ಯ ಮೂಲ ‘ಪೊಲುಸ್’ ಎಂಬ ಗ್ರೀಕ್ ಗುಣವಾಚಕ. ಬಹಳ, ಹಲವು ಎಂಬುದು ಅದರ ಅರ್ಥ. ಹೋಮರನ ‘ಒಡಿಸ್ಸಿ’ ತನ್ನ ನಾಯಕನಿಗೆ ಕೊಡುವ ಮೊದಲ ವಿಶೇಷಣವೇ ‘ಪೊಲುತ್ರೊಪೊಸ್’, ಹಲವು ತಿರುವುಗಳುಳ್ಳವನು. ಅದೇ ಕಾವ್ಯದಲ್ಲಿ ಅವನನ್ನು ಗವಿಯಲ್ಲಿ ಸೆರೆಹಿಡಿಯುವ ದೈತ್ಯನ ಹೆಸರಿನಲ್ಲಿಯೂ ‘ಹಲವು’ ಇದೆ: ಪಾಲಿಫೀಮಸ್, ಅಂದರೆ ಬಹುವಾಗಿ ಹೇಳಲ್ಪಟ್ಟವನು. ಹೆಸರಿನಲ್ಲಿ ಹಲವನ್ನು ಹೊತ್ತ ಆ ದೈತ್ಯನಿಗೆ ಇರುವುದು ಒಂದೇ ಕಣ್ಣು. ಕಾವ್ಯದಿಂದ ಹೊರಟ ಈ ಪೂರ್ವಪದವನ್ನು ಆಧುನಿಕ ಯುರೋಪು ವಿದ್ಯೆಗೂ ಕೈಗಾರಿಕೆಗೂ ದುಡಿಸಿಕೊಂಡಿತು. 1794ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪನೆಯಾದ ವಿದ್ಯಾಸಂಸ್ಥೆ ‘ಪಾಲಿಟೆಕ್ನಿಕ್’ ಎಂಬ ಹೆಸರನ್ನು ಪ್ರಸಿದ್ಧಗೊಳಿಸಿತು; ಹಲವು ಕಲೆಗಳನ್ನು, ಕೌಶಲಗಳನ್ನು ಕಲಿಸುವುದು ಅದರ ಇಂಗಿತ. 1833ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ‘ಪಾಲಿಮರ್’ ಎಂಬ ಪರಿಭಾಷೆಗೆ ಜನ್ಮ ಕೊಟ್ಟ. ಸರಿಯಾಗಿ ನೂರು ವರ್ಷಗಳ ಬಳಿಕ, 1933ರಲ್ಲಿ, ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಪಾಲಿಥೀನ್ ಆಕಸ್ಮಿಕವಾಗಿ ದೊರೆಯಿತು.

ಆ ಬಳಿಕ ಪದಕ್ಕೆ ಒದಗಿದ ಗತಿ ಕುತೂಹಲಕರವಾದುದು. ಕರ್ನಾಟಕದ ತೋಟಗಾರಿಕೆಯಲ್ಲಿ ಇಂದು ‘ಪಾಲಿಹೌಸ್’ ಎಂಬ ಮಾತು ಬಳಕೆಯಲ್ಲಿದೆ. ಪದಶಃ ನೋಡಿದರೆ ಅದು ‘ಹಲವು ಮನೆ’ ಆಗಬೇಕು. ಆದರೆ ಅದು ಪಾಲಿಥೀನ್ ಹೊದಿಸಿದ ಒಂದೇ ಮನೆ. ಇಲ್ಲಿ ‘ಪಾಲಿ’ಗೆ ಹಲವು ಎಂಬ ಅರ್ಥ ಪೂರ್ತಿಯಾಗಿ ಅಳಿದು ಪ್ಲಾಸ್ಟಿಕ್ ಎಂಬ ಅರ್ಥ ಬಂದಿದೆ. ಸಾವಿರಾರು ಅಣುಘಟಕಗಳು ಸರಪಳಿಯಂತೆ ಕೂಡಿ ಒಂದಾದುದನ್ನು ಸೂಚಿಸಲು ಹುಟ್ಟಿದ ಪದ, ಕೂಡಿದ ಬಳಿಕ ಬಿಡಿಸಲಾಗದ ಕಸಕ್ಕೆ ಹೆಸರಾಯಿತು. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದಾಗ ಜನರ ಬಾಯಲ್ಲಿದ್ದುದು ಈ ‘ಪಾಲಿ’ಯೇ. ಅರ್ಥ ಕಳೆದುಕೊಂಡ ಪೂರ್ವಪದ ಕೇವಲ ಸದ್ದಾಗಿ ಉಳಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ವಿಜ್ಞಾನದ ಇಂಗ್ಲಿಷ್ ಪದಗಳು ಎದುರಾಗುವುದು ಬಹುಪಾಲು ಈ ಸದ್ದುಗಳ ರೂಪದಲ್ಲಿಯೇ. ಅವುಗಳನ್ನು ಒಡೆದು ಒಳಗೇನಿದೆಯೆಂದು ತೋರಿಸುವ ಕೆಲಸ ನಡೆಯದಿದ್ದರೆ ಅವನಿಗೆ ಉಳಿಯುವ ದಾರಿ ಬಾಯಿಪಾಠವೊಂದೇ.

ಒಡೆದು ನೋಡಿದರೆ ದೊರೆಯುವ ಮೊದಲ ಅಚ್ಚರಿ ನಂಟಸ್ತಿಕೆಯದು. ತೌಲನಿಕ ಭಾಷಾವಿಜ್ಞಾನದ ಪ್ರಕಾರ ಗ್ರೀಕಿನ ‘ಪೊಲುಸ್’ ಮತ್ತು ಸಂಸ್ಕೃತದ ‘ಪುರು’ ಒಂದೇ ಮೂಲದವು. ತುಂಬು ಎಂಬ ಅರ್ಥದ ಧಾತು ಅವೆರಡರ ಹಿಂದಿದೆ. ಪೂರ್ಣ, ಇಂಗ್ಲಿಷಿನ ‘ಫುಲ್’, ಲ್ಯಾಟಿನ್ನಿನ ‘ಪ್ಲಸ್’ ಇವೂ ಆ ಬಳಗದವೇ. ಅಮರಕೋಶ ‘ಬಹು’ ಮತ್ತು ‘ಪುರು’ಗಳನ್ನು ಹೇರಳ ಎಂಬ ಅರ್ಥದ ಪದಗಳ ಒಂದೇ ಸಾಲಿನಲ್ಲಿ ಇಟ್ಟಿದೆ. ಬಹುವಾಗಿ ಆಹ್ವಾನಿಸಲ್ಪಟ್ಟವನು ಎಂಬ ಅರ್ಥದಲ್ಲಿ ಇಂದ್ರನಿಗೆ ‘ಪುರುಹೂತ’ ಎಂಬ ಹೆಸರು ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಪರಿಚಿತವೇ. ಜೈನ ಪರಂಪರೆಗೆ ಈ ಪದ ಇನ್ನೂ ಹತ್ತಿರದ್ದು. ಆದಿತೀರ್ಥಂಕರ ವೃಷಭನಾಥನಿಗೆ ‘ಪುರುದೇವ’ ಎಂಬ ಹೆಸರಿದೆ. ಅರ್ಹದ್ದಾಸನ ‘ಪುರುದೇವಚಂಪು’ ಆತನ ಚರಿತೆ. ಪಾಲಿಟೆಕ್ನಿಕ್ಕಿನ ‘ಪಾಲಿ’ಯೂ ಪುರುದೇವನ ‘ಪುರು’ವೂ ದೂರದ ದಾಯಾದಿಗಳು ಎಂಬ ಸಂಗತಿ ಮೇಲ್ನೋಟಕ್ಕೆ ನಂಬಲಾಗದ್ದು, ಆದರೆ ಧ್ವನಿನಿಯಮಗಳು ಅದನ್ನು ಸ್ಥಾಪಿಸುತ್ತವೆ.

ಎರಡನೆಯ ಅಚ್ಚರಿ ಇದರ ವಿಲೋಮ. ಹಳಗನ್ನಡದಲ್ಲಿ ಹಲವು ಎಂಬುದಕ್ಕೆ ‘ಪಲವು’, ಹಲವರು ಎಂಬುದಕ್ಕೆ ‘ಪಲರ್’. ಸುಮಾರು ಹತ್ತನೆಯ ಶತಮಾನದ ಬಳಿಕ ಪದಾದಿಯ ಪಕಾರ ಹಕಾರವಾಗುತ್ತ ಬಂದು ‘ಪಲ’ ‘ಹಲ’ವಾಯಿತು, ತಮಿಳಿನಲ್ಲಿ ಇಂದಿಗೂ ‘ಪಲ’ ಎಂದೇ ಇದೆ. ‘ಪಲ’ ಮತ್ತು ‘ಪಾಲಿ’ ಕಿವಿಗೆ ಎಷ್ಟು ಹತ್ತಿರ! ಅರ್ಥವೂ ಒಂದೇ. ಆದರೂ ಇವು ನಂಟರೆನ್ನಲು ಆಧಾರವಿಲ್ಲ. ಒಂದು ದ್ರಾವಿಡ ಮೂಲದ್ದು, ಇನ್ನೊಂದು ಇಂಡೋ-ಯುರೋಪಿಯನ್ ಮೂಲದ್ದು, ಹೋಲಿಕೆ ಆಕಸ್ಮಿಕ. ಹೋಲದ ‘ಪುರು’ ನಂಟ, ಹೋಲುವ ‘ಪಲ’ ನೆರೆಯವ. ಭಾಷೆಯ ಚರಿತ್ರೆಯನ್ನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರಕುವುದು ಕಷ್ಟ. ಗ್ರೀಕ್ ಮತ್ತು ಕನ್ನಡಗಳ ಸಂಬಂಧದ ಮಾತು ಬಂದಾಗ ಈ ಎಚ್ಚರ ಇನ್ನೂ ಅಗತ್ಯ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು ಹುಲ್ಟ್ಶ್ ಸೂಚಿಸಿದರು, ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಆ ಚರ್ಚೆಯನ್ನು ಬೆಳೆಸಿದರು. ಅದು ಇಂದಿಗೂ ಚರ್ಚೆಯೇ ಹೊರತು ತೀರ್ಮಾನವಲ್ಲ.

ಗೋವಿಂದ ಪೈಗಳ ಹೆಸರು ಬಂದಲ್ಲಿ ‘ಪಾಲಿಗ್ಲಾಟ್’ ಎಂಬ ಪದವೂ ಬರುತ್ತದೆ. ಗ್ರೀಕಿನಲ್ಲಿ ಅದರ ಅರ್ಥ ಹಲವು ನಾಲಗೆಗಳುಳ್ಳವನು. ಹಲವು ಭಾರತೀಯ ಭಾಷೆಗಳ ಜೊತೆಗೆ ಯುರೋಪಿನ ಭಾಷೆಗಳನ್ನೂ ಬಲ್ಲ ಪೈಗಳು ಜೈನ ಇತಿಹಾಸದ ಬಗೆಗೂ ಗೊಮ್ಮಟನ ಬಗೆಗೂ ಬರೆದವರು. ಹಲವು ಭಾಷೆಗಳನ್ನು ಬಲ್ಲ ಇನ್ನೊಬ್ಬ ವಿದ್ವಾಂಸರು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ. ಒಂಟಿಕೊಪ್ಪಲಿಗೆ ಹತ್ತಿರದ ಮಾನಸಗಂಗೋತ್ರಿಯಲ್ಲಿ 1971ರಿಂದ ಜೈನಶಾಸ್ತ್ರ ಮತ್ತು ಪ್ರಾಕೃತ ಪ್ರಾಧ್ಯಾಪಕರಾಗಿದ್ದ ಅವರು ಪ್ರಾಕೃತ, ಅಪಭ್ರಂಶ, ಸಂಸ್ಕೃತ, ಕನ್ನಡಗಳ ನಡುವೆ ಸಲೀಸಾಗಿ ಓಡಾಡಿದವರು. ‘ಪಾಲಿಮಾಥ್’ ಎಂಬ ಪದದಲ್ಲಿರುವುದು ಹಲವನ್ನು ಕಲಿತವನೆಂಬ ಅರ್ಥ. ಕನ್ನಡದಲ್ಲಿ ಇದಕ್ಕೆ ‘ಬಹುಮುಖ ಪ್ರತಿಭೆ’ ಎಂಬ ಸವೆದ ಮಾತಿದೆ. ಆದರೆ ಹಳೆಯದೂ ಸೂಕ್ಷ್ಮವೂ ಆದ ಪದ ‘ಬಹುಶ್ರುತ’. ಗ್ರೀಕರು ಕಲಿತದ್ದನ್ನು ಹೇಳಿದರೆ ಇಲ್ಲಿ ಹೇಳಿರುವುದು ಕೇಳಿದ್ದನ್ನು. ಗುರುಮುಖದಿಂದ ಬರುವ ವಿದ್ಯೆಯ ಲೋಕ ಅದು. ತತ್ತ್ವಾರ್ಥಸೂತ್ರ ಹೇಳುವ ಹದಿನಾರು ಭಾವನೆಗಳಲ್ಲಿ ‘ಬಹುಶ್ರುತಭಕ್ತಿ’ಯೂ ಒಂದು, ಹಲವನ್ನು ಬಲ್ಲವರಲ್ಲಿ ಇರಿಸುವ ಭಕ್ತಿ ತೀರ್ಥಂಕರತ್ವಕ್ಕೆ ಕಾರಣಗಳಲ್ಲೊಂದು. ಹಾಗೆಂದು ಬಹಳ ತಿಳಿದ ಮಾತ್ರಕ್ಕೆ ಸಾಕು ಎಂದು ಜೈನಶಾಸ್ತ್ರ ಎಲ್ಲಿಯೂ ಹೇಳುವುದಿಲ್ಲ. ದರ್ಶನ ಸಮ್ಯಕ್ ಆಗದೆ ಜ್ಞಾನ ಸಮ್ಯಕ್ ಆಗದು. ಗ್ರೀಸಿನ ಹೆರಾಕ್ಲೀಟಸನೂ ಬಹುವಿದ್ಯೆಯನ್ನು ವಿವೇಕದಿಂದ ಬೇರ್ಪಡಿಸಿ ನೋಡಿದವನೇ.

ಪದಗಳನ್ನು ಹೀಗೆ ಪಕ್ಕಪಕ್ಕದಲ್ಲಿ ಇರಿಸಿದರೆ ಎರಡು ಸಂಸ್ಕೃತಿಗಳು ಒಂದೇ ವಸ್ತುವನ್ನು ಬೇರೆ ಬೇರೆ ಕಡೆಯಿಂದ ನೋಡಿದ್ದು ಕಾಣುತ್ತದೆ. ಗಣಿತದ ‘ಪಾಲಿಗಾನ್’ ಎಂಬಲ್ಲಿ ಗ್ರೀಕರು ಎಣಿಸಿದ್ದು ಕೋನಗಳನ್ನು. ನಮ್ಮ ಪಠ್ಯಪುಸ್ತಕಗಳ ‘ಬಹುಭುಜ’ ಎಣಿಸುವುದು ತೋಳುಗಳನ್ನು. ಆಕೃತಿ ಒಂದೇ, ಕಣ್ಣು ನೆಟ್ಟ ಜಾಗ ಬೇರೆ. ಭುಜ, ಬಾಹು ಎಂಬ ದೇಹದ ಪದಗಳನ್ನು ಆಕೃತಿಯ ಅಂಚುಗಳಿಗೆ ಬಳಸುವುದು ಭಾರತೀಯ ಗಣಿತದ ಹಳೆಯ ರೂಢಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಗಣಿತಕ್ಕೇ ಒಂದು ಅಧ್ಯಾಯವಿದೆ. ‘ಸಮಬಾಹು ತ್ರಿಭುಜ’ ಎನ್ನುವಾಗಿನ ‘ಬಾಹು’ ದೀರ್ಘ, ತೋಳು. ‘ಬಹುಭುಜ’ ಎನ್ನುವಾಗಿನ ‘ಬಹು’ ಹ್ರಸ್ವ, ಹಲವು. ತೋಳ್ಬಲದವನಾದ ಬಾಹುಬಲಿಯನ್ನು ‘ಬಹುಬಲಿ’ ಎಂದು ಬರೆದರೆ ಒಂದು ಮಾತ್ರೆಯ ವ್ಯತ್ಯಾಸದಿಂದ ಹೆಸರೇ ಕೆಡುತ್ತದೆ. ಉತ್ತರಪತ್ರಿಕೆಗಳಲ್ಲಿ ಈ ತಪ್ಪು ಅಪರೂಪವೇನಲ್ಲ.

‘ಪಾಲಿನೋಮಿಯಲ್’ ಎಂಬುದರ ಕಥೆ ಇನ್ನೊಂದು ಬಗೆಯದು. ಅದರ ಮೊದಲ ಭಾಗ ಗ್ರೀಕ್, ಎರಡನೆಯದು ಲ್ಯಾಟಿನ್. ಕನ್ನಡ ವೈಯಾಕರಣರ ಪರಿಭಾಷೆಯಲ್ಲಿ ಹೇಳಬೇಕಾದರೆ ಅದೊಂದು ಅರಿಸಮಾಸ. ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಸಮಾಸ ಮಾಡುವುದು ಹಗೆಗಳನ್ನು ಕೂಡಿಸಿದಂತೆ ಎಂಬ ಭಾವನೆಯಿಂದ ಆ ಹೆಸರು ಬಂದಿತು. ಆದರೂ ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಬಿರುದುಗಳಿಗೂ ಪೂರ್ವಕವಿಗಳ ಪ್ರಯೋಗಗಳಿಗೂ ವಿನಾಯಿತಿ ಕೊಡಬೇಕಾಯಿತು. ಬಳಕೆ ನಿಯಮಕ್ಕಿಂತ ಮುಂದೆ ಸಾಗಿತ್ತು. ಗ್ರೀಕ್ ಮತ್ತು ಇಂಗ್ಲಿಷ್ ಕೂಡಿದ ‘ಪಾಲಿಹೌಸ್’ ಕೂಡ ಹಾಗೆಯೇ ನಿಂತಿರುವ ಅರಿಸಮಾಸ. ಪಾಲಿನೋಮಿಯಲ್‌ಗೆ ಕನ್ನಡ ಪಠ್ಯಪುಸ್ತಕಗಳು ‘ಬಹುಪದೋಕ್ತಿ’ ಎಂಬ ಪದವನ್ನು ಬಳಸುತ್ತವೆ. ಅದನ್ನು ಕಠಿಣವೆಂದು ಹಳಿಯುವವರುಂಟು. ಆದರೆ ಬಹು, ಪದ, ಉಕ್ತಿ ಎಂಬ ಮೂರು ತುಂಡುಗಳೂ ಕನ್ನಡ ವಿದ್ಯಾರ್ಥಿಗೆ ಬೇರೆಡೆ ಪರಿಚಿತವಾಗಿರುವಂಥವು; ಪದ ತನ್ನನ್ನು ತಾನೇ ವಿವರಿಸಿಕೊಳ್ಳುತ್ತದೆ.

ಸಮಾಸದ ಮಾತಿನಲ್ಲಿ ಮತ್ತೊಂದು ಸಂಗತಿಯನ್ನು ಮರೆಯುವಂತಿಲ್ಲ. ಪಾಲಿಗ್ಲಾಟ್, ಪಾಲಿಗಾನ್ ಮುಂತಾದ ಪದಗಳು ತಮ್ಮ ಎರಡು ಭಾಗಗಳಲ್ಲಿ ಯಾವುದನ್ನೂ ಹೇಳದೆ ಅವುಗಳನ್ನು ಉಳ್ಳ ಮೂರನೆಯದನ್ನು ಹೇಳುತ್ತವೆ: ಹಲವು ನಾಲಗೆಗಳನ್ನಲ್ಲ, ಅವುಗಳುಳ್ಳ ವ್ಯಕ್ತಿಯನ್ನು. ಇಂಥ ಸಮಾಸಕ್ಕೆ ನಮ್ಮ ವ್ಯಾಕರಣ ಇಟ್ಟ ಹೆಸರು ‘ಬಹುವ್ರೀಹಿ’. ಬಹಳ ಬತ್ತವುಳ್ಳವನು ಎಂದು ಅರ್ಥ. ಲಕ್ಷಣದ ಹೆಸರೇ ಲಕ್ಷ್ಯವೂ ಆಗಿದೆ. ಯುರೋಪಿನ ಭಾಷಾವಿಜ್ಞಾನಿಗಳು ಈ ಪದವನ್ನು ಹಾಗೆಯೇ ಎರವಲು ಪಡೆದರು. ಹೀಗೆ ‘ಪಾಲಿ’ ಪದಗಳನ್ನು ನಾವು ಅವರಿಂದ ಕೊಂಡರೆ, ಆ ಪದಗಳ ರಚನೆಯನ್ನು ಹೇಳುವ ಪರಿಭಾಷೆಯನ್ನು ಅವರು ಇಲ್ಲಿಂದ ಕೊಂಡಿದ್ದಾರೆ.

ಸಾಹಿತ್ಯ ವಿಮರ್ಶೆಗೆ ಬಂದರೆ ಎರಡು ‘ಪಾಲಿ’ ಪದಗಳು ಮುಖ್ಯ. ‘ಪಾಲಿಸೆಮಿ’ ಎಂಬುದಕ್ಕೆ ನಮ್ಮಲ್ಲಿ ನಾನಾರ್ಥ, ಅನೇಕಾರ್ಥ ಎಂಬ ಪದಗಳು ಮೊದಲೇ ಇದ್ದವು. ಧನಂಜಯನ ‘ಅನೇಕಾರ್ಥ ನಾಮಮಾಲೆ’, ಹೇಮಚಂದ್ರನ ‘ಅನೇಕಾರ್ಥ ಸಂಗ್ರಹ’ ಎರಡೂ ಜೈನರ ನಿಘಂಟುಗಳೇ. ಧನಂಜಯ ನಿಘಂಟಿಗೆ ನಿಲ್ಲದೆ ಒಂದೇ ಮಾತಿನಲ್ಲಿ ರಾಮಾಯಣ, ಮಹಾಭಾರತಗಳೆರಡನ್ನೂ ಹೇಳುವ ‘ದ್ವಿಸಂಧಾನ’ ಕಾವ್ಯವನ್ನು ಬರೆದ. 1592ರಲ್ಲಿ ಅಕ್ಬರನ ಸಭೆಯಲ್ಲಿ ಜೈನಮುನಿ ಸಮಯಸುಂದರ ಎಂಟಕ್ಷರದ ಒಂದು ವಾಕ್ಯಕ್ಕೆ ಎಂಟು ಲಕ್ಷಕ್ಕೂ ಮೀರಿದ ಅರ್ಥಗಳನ್ನು ಹೇಳುವ ‘ಅಷ್ಟಲಕ್ಷಿ’ಯನ್ನು ಒಪ್ಪಿಸಿದ. ಇದನ್ನು ಪಾಂಡಿತ್ಯಪ್ರದರ್ಶನವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಮಾತಿಗೆ ಒಂದೇ ಅರ್ಥ ಎಂಬ ಹಟವನ್ನು ಸಡಿಲಿಸುವ ದಾರ್ಶನಿಕ ಅಭ್ಯಾಸ ಅದರ ಹಿಂದಿತ್ತೆಂಬುದು ಗಮನಾರ್ಹ. ಇನ್ನು ಬಖ್ತಿನ್ ದೊಸ್ತೊಯೆವ್‌ಸ್ಕಿಯ ಕಾದಂಬರಿಗಳ ಬಗೆಗೆ 1929ರಲ್ಲಿ ಬರೆದ ಪುಸ್ತಕದಿಂದ ಪ್ರಚಾರಕ್ಕೆ ಬಂದ ‘ಪಾಲಿಫನಿ’ಗೆ ಕನ್ನಡದಲ್ಲಿ ‘ಬಹುಧ್ವನಿ’ ಎನ್ನುತ್ತಾರೆ. ಇಲ್ಲಿ ತೊಡಕಿದೆ. ಆನಂದವರ್ಧನನ ಬಳಿಕ ಕಾವ್ಯಮೀಮಾಂಸೆಯಲ್ಲಿ ‘ಧ್ವನಿ’ ಎಂದರೆ ದನಿಯಲ್ಲ, ಸೂಚ್ಯಾರ್ಥ. ‘ಬಹುಧ್ವನಿ’ ಎಂದಾಗ ಹಲವು ಪಾತ್ರಗಳ ಸ್ವತಂತ್ರ ದನಿಗಳೋ, ಒಂದೇ ಮಾತಿನ ಹಲವು ಸೂಚನೆಗಳೋ ಎಂಬುದು ಸ್ಪಷ್ಟವಾಗುವುದಿಲ್ಲ. ‘ಹಲದನಿ’ ಎಂದರೆ ಈ ಗೊಂದಲ ತಪ್ಪುತ್ತದೆ.

‘ಪಾಲಿಗಮಿ’ ಎಂಬ ಪದ ಹೇಳುವುದು ಹಲವು ಮದುವೆಗಳನ್ನು ಮಾತ್ರ, ಯಾರಿಗೆ ಎಂಬುದನ್ನಲ್ಲ. ಕನ್ನಡದಲ್ಲಿ ಬಹುಪತ್ನಿತ್ವ, ಬಹುಪತಿತ್ವ ಎಂದು ಬಿಡಿಸಿಯೇ ಹೇಳಬೇಕು. ಎರಡನೆಯದಕ್ಕೆ ನಮ್ಮ ಸಾಹಿತ್ಯದ ದೊಡ್ಡ ಉದಾಹರಣೆ ದ್ರೌಪದಿ. ಆದರೆ ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅವಳನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿದ. ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಂಡ ಕವಿಗೆ ಐವರು ಗಂಡಂದಿರ ಕಥೆ ಸಲ್ಲದಾಯಿತು. ಹಲವನ್ನು ಒಂದಾಗಿಸಿದ್ದರಿಂದ ಕಥೆಯಲ್ಲಿ ಬೇರೊಂದು ತೊಡಕು ಹುಟ್ಟಿತು: ಅರ್ಜುನನ ಪತ್ನಿಗಾದ ಅವಮಾನಕ್ಕೆ ಭೀಮ ಅಷ್ಟು ಘೋರ ಪ್ರತಿಜ್ಞೆಯನ್ನು ಏಕೆ ಮಾಡಬೇಕು ಎಂಬ ಪ್ರಶ್ನೆ ವಿಮರ್ಶಕರನ್ನು ಕಾಡುತ್ತಲೇ ಬಂದಿದೆ. ಅನೇಕಾಂತದ ಪರಂಪರೆಯ ಕವಿಯೂ ಒಂದನ್ನೇ ಆರಿಸಿಕೊಳ್ಳಬೇಕಾದ ಪ್ರಸಂಗಗಳಿದ್ದವು ಎಂಬುದಕ್ಕೆ ಇದು ಸಾಕ್ಷಿ.

ಜೈನರ ಬಗೆಗೆ ಅತಿ ಹೆಚ್ಚು ಗೊಂದಲ ಹುಟ್ಟಿಸಿದ ಪದ ‘ಪಾಲಿಥೀಯಿಸಂ’, ಬಹುದೇವತಾವಾದ. ಇಪ್ಪತ್ತನಾಲ್ಕು ತೀರ್ಥಂಕರರ ಬಿಂಬಗಳನ್ನೂ ಪದ್ಮಾವತಿ, ಜ್ವಾಲಾಮಾಲಿನಿಯರ ಗುಡಿಗಳನ್ನೂ ಕಂಡವರು ಜೈನರನ್ನು ಬಹುದೇವತಾರಾಧಕರೆಂದು ಕರೆದರು. ಸೃಷ್ಟಿಕರ್ತನನ್ನು ಒಪ್ಪದ ಸಿದ್ಧಾಂತವನ್ನು ಕಂಡವರು ನಾಸ್ತಿಕರೆಂದರು. ಇವೆರಡೂ ಹೊರಗಿನ ಅಳತೆಗೋಲುಗಳು. ದೇವರು ಒಬ್ಬನೋ ಹಲವರೋ ಎಂಬ ಪ್ರಶ್ನೆಯ ಹಿಂದೆ ಜಗತ್ತನ್ನು ಮಾಡಿದವರು ಎಷ್ಟು ಮಂದಿ ಎಂಬ ಪ್ರಶ್ನೆ ಅಡಗಿದೆ. ಮಾಡಿದವರೇ ಇಲ್ಲ ಎನ್ನುವ ದರ್ಶನಕ್ಕೆ ಆ ಎಣಿಕೆ ಅನ್ವಯಿಸುವುದಿಲ್ಲ. ಕರ್ಮಗಳನ್ನು ಕಳೆದುಕೊಂಡ ಸಿದ್ಧರು ಸಂಖ್ಯೆಯಲ್ಲಿ ಅನಂತರು. ಅನಂತಜ್ಞಾನಾದಿ ಗುಣಗಳಲ್ಲಿ ಅವರೊಳಗೆ ಭೇದವಿಲ್ಲ. ಸಂಖ್ಯೆಯ ದೃಷ್ಟಿಯಿಂದ ಹಲವು, ಗುಣದ ದೃಷ್ಟಿಯಿಂದ ಒಂದು. ಹೀಗೆ ಯಾವ ದೃಷ್ಟಿಯಿಂದ ಎಂದು ಕೇಳಿದ ಕೂಡಲೇ ನಾವು ‘ಪಾಲಿ’ಯ ಎಲ್ಲೆ ದಾಟಿ ‘ಅನೇಕಾಂತ’ದ ಹೊಸ್ತಿಲಿಗೆ ಬಂದಿರುತ್ತೇವೆ.

‘ಅನೇಕ’ ಎಂಬ ಪದದ ರಚನೆಯೇ ಬೇರೆ. ಪಾಲಿ, ಬಹು, ಹಲ ಇವೆಲ್ಲ ನೇರವಾಗಿ ಹೆಚ್ಚನ್ನು ಹೇಳುತ್ತವೆ. ‘ಅನೇಕ’ ಹೇಳುವುದು ‘ಏಕವಲ್ಲ’ ಎಂದು. ನಿರಾಕರಣೆಯಿಂದ ಹುಟ್ಟಿದ ಹಲವು ಅದು. ಅಹಿಂಸೆ, ಅಪರಿಗ್ರಹಗಳಂತೆ ಅನೇಕಾಂತವೂ ಒಂದನ್ನು ಬಿಡುವುದರಿಂದ ಆರಂಭವಾಗುತ್ತದೆ. ಅಹಿಂಸೆ ಕೊಲ್ಲುವುದನ್ನು ಬಿಡುತ್ತದೆ, ಅಪರಿಗ್ರಹ ಕೂಡಿಡುವುದನ್ನು ಬಿಡುತ್ತದೆ, ಅನೇಕಾಂತ ‘ಇದೊಂದೇ’ ಎನ್ನುವ ‘ಏ’ಕಾರವನ್ನು ಬಿಡುತ್ತದೆ. ‘ಅನಿಕೇತನ’ವೂ ಇದೇ ಜಾಡಿನ ಪದವೆಂಬುದು ಆಕಸ್ಮಿಕವಿರಬಹುದು, ಆದರೆ ಅರ್ಥಪೂರ್ಣ. ಬಂಗಾರದ ಕೊಡವನ್ನು ಕರಗಿಸಿ ಕಿರೀಟ ಮಾಡಿಸಿದಾಗ ಕೊಡ ಬೇಕೆಂದವನಿಗೆ ದುಃಖ, ಕಿರೀಟ ಬೇಕೆಂದವನಿಗೆ ಸಂತೋಷ, ಬಂಗಾರ ಬೇಕೆಂದವನಿಗೆ ಎರಡೂ ಇಲ್ಲ ಎಂದು ಸಮಂತಭದ್ರ ‘ಆಪ್ತಮೀಮಾಂಸೆ’ಯಲ್ಲಿ ತೋರಿಸುತ್ತಾನೆ. ಮೂವರೂ ಕಂಡದ್ದು ಸತ್ಯವೇ: ಅಳಿವು, ಹುಟ್ಟು, ಉಳಿವು ಒಂದೇ ವಸ್ತುವಿನಲ್ಲಿ ಒಂದೇ ಗಳಿಗೆಯಲ್ಲಿವೆ. ಇಲ್ಲಿ ವಸ್ತುಗಳು ಮೂರಲ್ಲ. ಆದ್ದರಿಂದ ಅನೇಕಾಂತವನ್ನು ‘ಎಲ್ಲರದೂ ಸರಿ’ ಎಂಬ ಔದಾರ್ಯದ ಮಾತಾಗಿ ತೆಳುಗೊಳಿಸುವುದು ಸಲ್ಲದು. ಕೊಡ ಅಳಿಯಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ತಪ್ಪೇ. ‘ಸ್ಯಾತ್’ ಎಂಬುದಕ್ಕೆ ಇಲ್ಲಿ ‘ಇದ್ದರೂ ಇರಬಹುದು’ ಎಂಬ ಸಂಶಯದ ಅರ್ಥವಿಲ್ಲ. ‘ಒಂದು ಅಪೇಕ್ಷೆಯಿಂದ’ ಎಂಬ ನಿಖರತೆಯ ಅರ್ಥವಿದೆ. ಈ ನಿಖರತೆಯೇ 1950ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರನ್ನೂ ಜೀವವಿಜ್ಞಾನಿ ಹಾಲ್ಡೇನ್ ಅವರನ್ನೂ ಸ್ಯಾದ್ವಾದದ ಬಗೆಗೆ ಬರೆಯುವಂತೆ ಮಾಡಿದ್ದು.

ಪದಗಳ ಆಯ್ಕೆ ಕೇವಲ ನಿಘಂಟುಕಾರರ ಕೆಲಸವಲ್ಲ ಎಂಬುದು ಸ್ಪಷ್ಟವಾಗುವುದು ಸಾರ್ವಜನಿಕ ಜೀವನದಲ್ಲಿ. ಕನ್ನಡದಲ್ಲಿ ‘ಬಹುತ್ವ’ ಎಂದರೆ ಹಲವು ಬಗೆಯವರು ಕೂಡಿ ಬಾಳುವುದು. ಆದರೆ ‘ಬಹುಮತ’, ‘ಬಹುಸಂಖ್ಯಾತ’ ಎನ್ನುವಾಗ ಅದೇ ‘ಬಹು’ ಹೆಚ್ಚು ತಲೆಗಳುಳ್ಳ ಒಂದು ಗುಂಪನ್ನು ಹೇಳುತ್ತದೆ. ಒಂದೇ ಪೂರ್ವಪದ ವೈವಿಧ್ಯವನ್ನೂ ಅದನ್ನು ನುಂಗಬಲ್ಲ ಬಲವನ್ನೂ ಸೂಚಿಸುತ್ತಿದೆ. ಗ್ರೀಕಿನಲ್ಲಿಯೂ ಇದೇ ಕಥೆ. ‘ಪೊಲುಸ್’ನ ಬಹುವಚನವಾದ ‘ಪೊಲ್ಲೊಯ್’ ಎಂಬುದು ಜನಜಂಗುಳಿಗೆ ಹೆಸರಾಯಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ, ಅಂದರೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. 2014ರಲ್ಲಿ ಕೇಂದ್ರ ಸರ್ಕಾರ ಅವರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರ ಪಟ್ಟಿಗೆ ಸೇರಿಸಿತು. ಪಂಪ, ಪೊನ್ನ, ರನ್ನ, ಜನ್ನರನ್ನು ಕೊಟ್ಟ ಪರಂಪರೆ ತಲೆಯೆಣಿಕೆಯಲ್ಲಿ ‘ಬಹು’ ಅಲ್ಲ, ಎಂದೂ ಆಗಬೇಕಾಗಿಯೂ ಇಲ್ಲ. ‘ಅನೇಕ’ದಲ್ಲಿ ಅದಕ್ಕೆ ಸ್ಥಾನವಿದೆಯೇ ಎಂಬುದಷ್ಟೇ ಪ್ರಶ್ನೆ.

ಆ ಪ್ರಶ್ನೆಗೆ ಶಿಲೆಯಲ್ಲಿ ಬರೆದ ಉತ್ತರವೊಂದಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಪಂಚಮಹಾವಾದ್ಯ ಮತ್ತು ಕಲಶಗಳ ಮೇಲೆ ಜೈನರಿಗಿದ್ದ ಹಕ್ಕನ್ನು ಎತ್ತಿಹಿಡಿದ ಅರಸ, ಎರಡು ದರ್ಶನಗಳ ನಡುವೆ ಭೇದವೆಣಿಸಬಾರದೆಂದು ಶಾಸನ ಹಾಕಿಸಿದ. ಜೈನರ ಪ್ರತಿ ಮನೆಯಿಂದ ವರ್ಷಕ್ಕೊಂದು ಹಣವನ್ನು ಸಂಗ್ರಹಿಸಿ, ಅದರಿಂದ ಬೆಳ್ಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸುವ ಹೊಣೆ ವೈಷ್ಣವರದೇ ಆಯಿತು. ಹೆಚ್ಚು ಜನರ ಮತ ಯಾವುದೆಂದು ಅಲ್ಲಿ ಎಣಿಸಲಿಲ್ಲ. ಬಲವುಳ್ಳವರನ್ನೇ ಬಲವಿಲ್ಲದವರ ಕಾವಲಿಗೆ ಬದ್ಧರನ್ನಾಗಿಸಲಾಯಿತು. ಅಭೇದ ಎಂಬ ಮಾತು ಒಬ್ಬರನ್ನು ಇನ್ನೊಬ್ಬರಲ್ಲಿ ಕರಗಿಸುವುದಕ್ಕೆ ಬಳಕೆಯಾಗಲಿಲ್ಲ. ಜೈನದರ್ಶನ ಜೈನದರ್ಶನವಾಗಿಯೇ ಉಳಿಯುವುದಕ್ಕೆ ಬಳಕೆಯಾಯಿತು.

ಹಾಗಾದರೆ ‘ಪಾಲಿ’ಗೆ ಕನ್ನಡ ಯಾವುದು? ಒಂದೇ ಉತ್ತರವನ್ನು ಬಯಸುವುದು ಏಕಾಂತವೇ ಆದೀತು. ಹದಿಮೂರನೆಯ ಶತಮಾನದಲ್ಲಿ ಸಂಸ್ಕೃತದ ಸಮಸಮಪದಗಳನ್ನು ಬಿಟ್ಟು ‘ಕಬ್ಬಿಗರ ಕಾವ’ವನ್ನು ರಚಿಸಿದ ಜೈನಕವಿ ಆಂಡಯ್ಯನಿಂದ, ‘ಇಂಗ್ಲಿಶ್ ಪದಗಳಿಗೆ ಕನ್ನಡದ್ದೇ ಪದಗಳು’ ಎಂಬ ಪುಸ್ತಕ ಬರೆದ ಡಿ.ಎನ್. ಶಂಕರ ಬಟ್ ಅವರವರೆಗೆ ದೇಸಿಯ ವಾದಕ್ಕೆ ದೀರ್ಘ ಚರಿತ್ರೆಯಿದೆ. ಆ ದಾರಿಯಲ್ಲಿ ಹೋದರೆ ಪಾಲಿಗ್ಲಾಟ್ ‘ಹಲನುಡಿಗ’ ಆಗಬಹುದು, ಪಾಲಿಫನಿ ‘ಹಲದನಿ’ ಆಗಬಹುದು. ಎರಡೂ ಕಿವಿಗೆ ಹಿತ, ಅರ್ಥಕ್ಕೆ ನೇರ. ಗಣಿತದಲ್ಲಿ ಬೇರೂರಿದ ‘ಬಹುಭುಜ’ವನ್ನು ಕೀಳುವುದರಿಂದ ಲಾಭವಿಲ್ಲ. ಬಹುವಾಗಿ ಬಲ್ಲವರಿಗೆ ‘ಬಹುಶ್ರುತ’ಕ್ಕಿಂತ ಒಳ್ಳೆಯ ಪದ ಹುಟ್ಟಲಾರದು. ಅರ್ಥಗಳ ವಿಷಯದಲ್ಲಿ ‘ನಾನಾರ್ಥ’ ಸಾಕು. ಪಾಲಿಟೆಕ್ನಿಕ್, ಪಾಲಿಥೀನ್‌ಗಳು ಇದ್ದಂತೆಯೇ ಇರಲಿ. ಜನ ಅವನ್ನು ಈಗಾಗಲೇ ತಮ್ಮದಾಗಿಸಿಕೊಂಡಿದ್ದಾರೆ. ಆದರೆ ‘ಅನೇಕಾಂತ’ವನ್ನು ಬಹುತ್ವವೆಂದೋ ಇಂಗ್ಲಿಷಿನ ಯಾವುದಾದರೂ ವಾದದ ಹೆಸರಿನಿಂದಲೋ ಅನುವಾದಿಸಿ ಮುಗಿಸುವ ಅಭ್ಯಾಸವನ್ನು ಸಂಶೋಧಕರು ಬಿಡಬೇಕು. ಬಹುತ್ವ ಎಣಿಸಿ ಹೇಳುವಂಥದು. ಅನೇಕಾಂತ ಎಣಿಸುವವನು ಎಲ್ಲಿ ನಿಂತಿದ್ದಾನೆಂದು ಕೇಳುವಂಥದು. ಕವಿರಾಜಮಾರ್ಗಕಾರ ಸಾವಿರದ ನೂರು ವರ್ಷಗಳ ಹಿಂದೆಯೇ ಕನ್ನಡವನ್ನು ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಕರೆದ. ಅಂಥ ಭಾಷೆಯಲ್ಲಿ ‘ಹಲವು’ ಎಂಬುದಕ್ಕೆ ಹಲ, ಪುರು, ಬಹು, ನಾನಾ, ಅನೇಕ, ಅನಂತ ಎಂದು ಅರ್ಧ ಡಜನ್ ಪದಗಳಿರುವುದು ಭಾರವಲ್ಲ. ಪ್ರತಿಯೊಂದೂ ಬೇರೆಯೇ ಅಪೇಕ್ಷೆಯಿಂದ ಹುಟ್ಟಿದೆ. ಯಾವುದನ್ನು ಎಲ್ಲಿ ಬಳಸಬೇಕೆಂದು ಪ್ರತಿ ಬಾರಿಯೂ ಕೇಳಿಕೊಳ್ಳುವುದು ಬರೆಯುವವರ ಹೊಣೆ.